ಸೊಸೆಯ ಮೈಯೊಳಗಿನ ಅತ್ತೆ

ಎದೆಯ ಎಕ್ಸ್-ರೇ ತೆಗೆದಾತ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದವನೇ ಬೆಚ್ಚಿಬಿದ್ದು, ಬಾಗಿಲು ತೆರೆದು, ಹೊರಗೆ ಮೊದಲು ಕೈಗೆ ಸಿಕ್ಕ ಡಾಕ್ಟರನ್ನು ತೋಳು ಹಿಡಿದು ಒಳಗೆಳೆದುಕೊಂಡ. ಅರವತ್ತೆರಡು ವರ್ಷದ ಹೆಂಗಸಿನ ಎಡ ಹೆಗಲಿನ ಕೆಳಗೆ, ಪಕ್ಕೆಲುಬುಗಳ ಮೇಲೆ, ಆರು ಸೂಜಿಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ ಸಾಲಾಗಿ ನಿಂತಿದ್ದವು. ಡಾಕ್ಟರು ಗಾಬರಿಯನ್ನು ನುಂಗಿಕೊಂಡು, ಆದಷ್ಟೂ ಮೃದುವಾಗಿ, "ಅಮ್ಮಾ, ಉಸಿರಾಡೋವಾಗ ಎಲ್ಲಾದ್ರೂ ಚುಚ್ಚುತ್ತಾ?" ಎಂದು ಕೇಳಿದರು. ಆ ಅಮ್ಮ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ತಮ್ಮದೇ ಎದೆಗೂಡನ್ನು ಅಂಗಡಿಗೆ ಬಂದ ಹರಿದ ಶಾಲನ್ನು ನೋಡುವಂತೆ ನೋಡಿ, ಬೆರಳಿಟ್ಟು ಎಣಿಸಿ, "ಏಳಿರಬೇಕಲ್ಲ?" ಎಂದರು. "ಒಂಬತ್ತನೇ ನಂಬರ್ ಸೈಜಿಂದು ಕಾಣ್ತಿಲ್ಲ. ನೀವೇ ತೆಗೆದಿಟ್ಕೊಂಡ್ರಿ ಅಂತ ನಾನೇನೂ ಹೇಳ್ತಿಲ್ಲ."

ನಡೆದದ್ದು ಇಷ್ಟೆ. ಎಕ್ಸ್-ರೇಗೆ ಮುನ್ನ ಅವರ ಕೋಟನ್ನು ಕಳಚಿಸುವುದಕ್ಕೇ ಆಸ್ಪತ್ರೆಯವರಿಗೆ ಕಾಲು ಗಂಟೆ ಹಿಡಿದಿತ್ತು. ಕೊನೆಗೂ ಕಳಚಿದಾಗ, ಅದರ ಕಾಲರಿನಲ್ಲಿ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಗಳನ್ನು ಪರರ ಕೈಗೊಪ್ಪಿಸಲು ಮನಸ್ಸಾಗದೆ, ಆಸ್ಪತ್ರೆ ಕೊಟ್ಟ ನಿಲುವಂಗಿಯ ಒಳಮಡಿಕೆಗೆ ಅವರು ಸದ್ದಿಲ್ಲದೆ ವರ್ಗಾಯಿಸಿಕೊಂಡಿದ್ದರು. ಏಳನೆಯ ಸೂಜಿಯನ್ನು ಎಕ್ಸ್-ರೇಯಾತ ತನ್ನ ಸ್ಟೂಲಿನ ಮೇಲೆ ಕುಳಿತಾಗ ಸ್ವತಃ ಪತ್ತೆ ಹಚ್ಚಿದ. ಹೊರಗೆ ಗಾಲಿಕುರ್ಚಿಯಲ್ಲಿದ್ದ ಸೊಸೆ ಅವನ ಚೀತ್ಕಾರ ಕೇಳಿ, ಏನಾಯಿತೆಂದು ಯಾರೂ ಹೇಳುವ ಮೊದಲೇ ಊಹಿಸಿ, ನಾಲ್ಕು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹೊಟ್ಟೆಗೇ ಅತ್ತೆಯ ಎರಡು ಮೂತ್ರಪಿಂಡಗಳಲ್ಲಿ ಒಂದು ಬಂದು ಸೇರುವುದೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಕೊಡುವವರ ಮೈಯನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡುವ ನಿಯಮದ ಪ್ರಕಾರ ಎಕ್ಸ್-ರೇ ತೆಗೆದದ್ದು.

ಬೀದಿಯವರು ಅವರನ್ನು ಕರೆಯುತ್ತಿದ್ದದ್ದು ರಫು ಅಮ್ಮ ಎಂದು. ಹರಿದ ಬಟ್ಟೆಯ ಎಳೆಗಳನ್ನು ಮತ್ತೆ ನೇಯ್ದಂತೆ ಜೋಡಿಸಿ, ಹರಿದಿತ್ತೆಂಬ ಗುರುತೇ ಉಳಿಯದಂತೆ ಮಾಡುವ ರಫು ಅವರ ಕಸುಬು. ಕೆಲಸ ರಫು, ಮಾತು ರಫ್ ಎಂದು ಗಿರಾಕಿಗಳು ಹೇಳುತ್ತಿದ್ದರು, ಅವರಿಗೆ ಕೇಳಿಸದಷ್ಟು ದೂರ ನಡೆದ ಮೇಲೆ. ಬೀದಿಯ ತಿರುವಿನಲ್ಲಿ, ಕೀಲಿಕೈ ಮಾಡುವವನ ಗೂಡಿಗೂ ಒಂದು ಸಂಗೀತ ಪಾಠಶಾಲೆಗೂ ನಡುವೆ, ಬಾಗಿಲಿಗಿಂತ ಒಂದೇ ಗೇಣು ಅಗಲವಾದ ಅಂಗಡಿ. ಒಳಗೆ ಒಂದು ಮೇಜು, ಕತ್ತು ಬಗ್ಗಿಸುವ ದೀಪ, ಕಾಲಿನ ಮೇಲೆ ನಿಂತ ಭೂತಗನ್ನಡಿ, ಗೋಡೆಯುದ್ದಕ್ಕೂ ಬಿಸ್ಕತ್ತಿನ ಹಳೆಯ ಡಬ್ಬಗಳು. ಪ್ರತಿ ಡಬ್ಬದಲ್ಲೂ ಎಂದೋ ಯಾರದೋ ಬಟ್ಟೆಯಿಂದ ಬಿಡಿಸಿಟ್ಟ ನೂಲು. ಹೊಸ ನೂಲನ್ನು ಅವರು ಮುಟ್ಟುತ್ತಿರಲಿಲ್ಲ. ಯಾವ ಬಟ್ಟೆ ಹರಿದಿದೆಯೋ ಅದರದೇ ಒಳ ಅಂಚಿನಿಂದ ನಾಲ್ಕು ಎಳೆ ಬಿಡಿಸಿ ತೂತು ತುಂಬಬೇಕು; ಬೇರೆ ನೂಲು ಹಾಕಿದರೆ ಇವತ್ತು ಕಾಣುವುದಿಲ್ಲ, ಎರಡು ಸಲ ಒಗೆದ ಮೇಲೆ ಬಟ್ಟೆ ಅದನ್ನು ಉಗುಳುತ್ತದೆ ಎಂಬುದು ಅವರ ಸಿದ್ಧಾಂತ. ಒಮ್ಮೆ ಅವಸರದಲ್ಲಿದ್ದ ವಕೀಲರೊಬ್ಬರು ತಮ್ಮ ಗೌನನ್ನು ಮೇಜಿನ ಮೇಲೆಸೆದು, "ಯಾವುದಾದ್ರೂ ಒಂದು ಕಪ್ಪು ನೂಲು ಹಾಕಿ ಕೊಟ್ಬಿಡೀಮ್ಮ" ಎಂದರು. "ಕಪ್ಪು ಒಂದೇ ಬಣ್ಣ ಅಂತ ನಿಮಗ್ಯಾರು ಹೇಳಿದ್ದು?" ಎಂದರು ರಫು ಅಮ್ಮ. "ಕಣ್ಣು ತೋರಿಸ್ಕೊಳ್ಳಿ ಅಂತ ನಾನೇನೂ ಹೇಳ್ತಿಲ್ಲ. ಆದ್ರೆ ನನ್ನ ಮಗನ ಕನ್ನಡಕದಂಗಡಿ ಎದುರಿಗೇ ಇದೆ."

'ಅಂತ ನಾನೇನೂ ಹೇಳ್ತಿಲ್ಲ' ಎನ್ನುವುದು ಅವರ ಮಾತಿನ ಕೊನೆಯ ಗಂಟು. ಹೇಳಬೇಕಾದ್ದನ್ನೆಲ್ಲ ಹೇಳಿ, ಇರಿಯಬೇಕಾದಲ್ಲಿ ಇರಿದು, ಕಡೆಗೆ ಈ ಗಂಟು ಹಾಕಿ ಹಲ್ಲಿನಿಂದ ನೂಲು ಕಡಿದಂತೆ ಮಾತನ್ನು ಕಡಿದುಬಿಡುತ್ತಿದ್ದರು. ನಡಿಗೆಯೂ ಹೊಲಿಗೆಯಂತೆಯೇ: ಎರಡು ಚುರುಕು ಹೆಜ್ಜೆ, ಒಂದು ಗಳಿಗೆ ನಿಲುಗಡೆ, ಮತ್ತೆರಡು ಹೆಜ್ಜೆ, ನಿಂತ ಗಳಿಗೆಯಲ್ಲಿ ಎದುರು ಬಂದವರ ಅಂಗಿಯ ಸಮಗ್ರ ಸಮೀಕ್ಷೆ. ಮೈಮೇಲಿನ ಕೋಟು ಆರು ವರ್ಷದ ಹಿಂದೆ ತೀರಿಕೊಂಡ ಗಂಡನದು, ಕಂದು ಉಣ್ಣೆಯದು, ತೋಳುಗಳನ್ನು ಎರಡು ಮಡಿಕೆ ಮಡಿಚಿದ್ದು. ಅದನ್ನು ಅವರು ಎಷ್ಟು ಸಲ ರಫು ಮಾಡಿದ್ದರೆಂದರೆ, ಅದರಲ್ಲಿ ಗಂಡನ ಉಣ್ಣೆ ಎಷ್ಟು, ಹೆಂಡತಿಯ ಹಟ ಎಷ್ಟು ಎಂದು ಅವರೊಬ್ಬರೇ ಹೇಳಬಲ್ಲವರಾಗಿದ್ದರು.

ಇಂಥವರ ಮನೆಗೆ ಹದಿನೇಳು ವರ್ಷದ ಹಿಂದೆ ಸೊಸೆಯಾಗಿ ಬಂದವಳು ರೈಲು ನಿಲ್ದಾಣದ ಉದ್ಘೋಷಕಿ. ಊರಿಗೆ ಊರೇ ಅವಳ ಧ್ವನಿಯನ್ನು ನಂಬಿ ಪೆಟ್ಟಿಗೆ ಎತ್ತಿಕೊಳ್ಳುತ್ತಿತ್ತು. ಮನೆಯಲ್ಲಿ ಮಾತ್ರ ಅವಳ ಧ್ವನಿಗೆ ಪ್ರತಿಧ್ವನಿಯಿತ್ತು. ಸಾರಿನ ಉಪ್ಪು, ಕಿಟಕಿಯ ಪರದೆ, ಮಕ್ಕಳ ಜಡೆ, ಚೊಂಬು ಇಡುವ ಜಾಗ, ಇವುಗಳಲ್ಲಿ ಒಂದರ ಕುರಿತಾದರೂ ಮಾತಿಗೆ ಮಾತು ಬೆಳೆಯದ ದಿನವಿರಲಿಲ್ಲ. ಸೊಸೆ ಬಾಯಿ ಸತ್ತವಳೇನಲ್ಲ. ಅತ್ತೆ ಅಂಗಡಿಯಿಂದ ಬರುವುದು ಕಂಡರೆ ಅಡುಗೆಮನೆಯಿಂದಲೇ ನಿಲ್ದಾಣದ ಗಂಭೀರ ಕಂಠದಲ್ಲಿ, "ದಯವಿಟ್ಟು ಗಮನಿಸಿ. ಸಂಜೆ ಆರು ಗಂಟೆಗೆ ಬರಬೇಕಾಗಿದ್ದ ಅತ್ತೆಯವರ ಕೋಪ ಇಪ್ಪತ್ತು ನಿಮಿಷ ತಡವಾಗಿ ಬರಲಿದೆ. ಪ್ರಯಾಣಿಕರಿಗೆ ಆಗುವ ಅನನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂದು ಸಾರುವಳು. ಮೂವರು ಹೆಣ್ಣುಮಕ್ಕಳು ಕಿಸಕ್ಕೆಂದು ನಗುವರು. ಮಗ ಕನ್ನಡಕ ಒರೆಸುವನು. ಅವನ ಕನ್ನಡಕ ಊರಿನಲ್ಲೇ ಅತ್ಯಂತ ಸ್ವಚ್ಛವಾದದ್ದೆಂದು ಹೆಸರಾಗಿತ್ತು. ಮಾವನವರು ಬದುಕಿದ್ದಷ್ಟು ದಿನ ಇಬ್ಬರ ನಡುವೆ ಚಹಾದ ಲೋಟ ಹಿಡಿದು ಓಡಾಡುತ್ತ ಕದನವಿರಾಮಗಳನ್ನು ಏರ್ಪಡಿಸುತ್ತಿದ್ದರು. ಆ ಸಾಧುಜೀವಿಯೊಂದಿಗೆ ಸೊಸೆ ಒಂದೇ ಒಂದು ದಿನ ಎತ್ತರದ ದನಿಯಲ್ಲಿ ಮಾತಾಡಿದ್ದಿಲ್ಲ.

ಅಂಥ ಧ್ವನಿ ಒಂದು ದಿನ ಮಧ್ಯಾಹ್ನ, ಎರಡನೇ ಪ್ಲಾಟ್‌ಫಾರ್ಮಿಗೆ ಬರುವ ಗಾಡಿಯನ್ನು ಸಾರುತ್ತ, ಅರ್ಧದಲ್ಲಿ ನಿಂತುಹೋಯಿತು. ಕಾಲು ಊದಿತ್ತು, ಉಸಿರು ಕಟ್ಟಿತ್ತು. ಎರಡೂ ಮೂತ್ರಪಿಂಡಗಳು ಸೊರಗಿ ಕೈಚೆಲ್ಲಿವೆ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಅಲ್ಲಿಂದ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಮೈಯ ರಕ್ತವೆಲ್ಲ ಹೊರಗೊಂದು ಯಂತ್ರಕ್ಕೆ ಹೋಗಿ ಸೋಸಿಕೊಂಡು ಬರುವ ಡಯಾಲಿಸಿಸ್. ಉಪ್ಪು ಕಡಿಮೆ ಮಾಡಬೇಕೆಂದು ಡಾಕ್ಟರು ಹೇಳಿದಾಗ ಅತ್ತೆ, "ನಾನು ಹದಿನೇಳು ವರ್ಷದಿಂದ ಬಡ್ಕೊಂಡೆ" ಎಂದರಂತೆ. ಹೇಳಿದವರೇ ಮರುಕ್ಷಣ ಮುಖ ತಿರುಗಿಸಿ, ಕಿಟಕಿಯ ಹೊರಗೆ ನೋಡುತ್ತ ಬಹಳ ಹೊತ್ತು ನಿಂತಿದ್ದನ್ನು ಸೊಸೆ ಹಾಸಿಗೆಯಿಂದಲೇ ಗಮನಿಸಿದ್ದಳು.

ಕಸಿ ಮಾಡಬೇಕು, ಬೇರೆಯವರ ಮೂತ್ರಪಿಂಡವೊಂದನ್ನು ಕೂರಿಸಬೇಕು ಎಂದು ಕಿಡ್ನಿಯ ಡಾಕ್ಟರಮ್ಮ ಹೇಳಿದರು. ಸೊಸೆಯ ತವರಿನಲ್ಲಿ ಉಳಿದಿದ್ದವನು ಒಬ್ಬನೇ ಅಣ್ಣ, ಅವನಿಗೆ ಸಕ್ಕರೆ ಕಾಯಿಲೆ. ಗಂಡ ಎಲ್ಲರಿಗಿಂತ ಮೊದಲು ತೋಳು ಮಡಿಚಿದ. ರಕ್ತದ ಗುಂಪು ಹೊಂದಿತು, ಎಲ್ಲರಿಗೂ ಜೀವ ಬಂತು. ಆಮೇಲೆ ಪ್ರಯೋಗಾಲಯದಲ್ಲಿ ಇನ್ನೊಂದು ಪರೀಕ್ಷೆ: ಹೆಂಡತಿಯ ರಕ್ತದ ತಿಳಿಯಲ್ಲಿ ಗಂಡನ ಬಿಳಿ ಕಣಗಳನ್ನು ಬಿಟ್ಟು, ಏನಾಗುತ್ತದೆಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನೋಡಿದರೆ, ಗಂಡನ ಕಣಗಳು ಒಂದೂ ಬಿಡದೆ ಸತ್ತು ಬಿದ್ದಿದ್ದವು.

"ನಿಮ್ಮ ಹೆಂಡತಿ ರಕ್ತದಲ್ಲಿ ನಿಮ್ಮ ವಿರುದ್ಧ ಪ್ರತಿಕಾಯಗಳಿವೆ" ಎಂದರು ಡಾಕ್ಟರಮ್ಮ.

ಮಗ ಕನ್ನಡಕ ತೆಗೆದು ಒರೆಸಿದ. "ನನ್ನ ಮೇಲೆ ಸಿಟ್ಟಿದೆ ಅಂತ ಗೊತ್ತಿತ್ತು ಡಾಕ್ಟ್ರೇ. ರಕ್ತದವರೆಗೂ ಇಳಿದಿದೆ ಅಂತ ಗೊತ್ತಿರಲಿಲ್ಲ."

ಸಿಟ್ಟಲ್ಲ, ಮಕ್ಕಳು ಎಂದು ಡಾಕ್ಟರಮ್ಮ ವಿವರಿಸಿದರು. ನಮ್ಮ ಮೈಯ ಒಂದೊಂದು ಜೀವಕೋಶವೂ ತನ್ನ ಹೊರಮೈಯಲ್ಲಿ ಗುರುತಿನ ಚೀಟಿಗಳನ್ನು ಸಿಕ್ಕಿಸಿಕೊಂಡಿರುತ್ತದೆ. ಒಂದು ಕಂತೆ ಅಪ್ಪನಿಂದ ಬಂದದ್ದು, ಒಂದು ಕಂತೆ ಅಮ್ಮನಿಂದ. ಕಾಯವನ್ನು ಕಾಯುವುದೇ ಕಾಯಕವಾಗಿರುವ ಬಿಳಿ ಕಣಗಳು ಹಗಲಿರುಳೂ ಈ ಚೀಟಿಗಳನ್ನು ನೋಡುತ್ತ ತಿರುಗುತ್ತವೆ. ಪರಿಚಯವಿಲ್ಲದ ಚೀಟಿ ಕಂಡರೆ ಕೂಗೆಬ್ಬಿಸುತ್ತವೆ, ಅದಕ್ಕೆಂದೇ ಅಳತೆ ಹಿಡಿದು ಪ್ರತಿಕಾಯಗಳನ್ನು ಮಾಡಿಸುತ್ತವೆ, ಮತ್ತು ಒಮ್ಮೆ ಕಂಡದ್ದನ್ನು ವರ್ಷಗಟ್ಟಲೆ ನೆನಪಿಡುತ್ತವೆ. ಬಸಿರಿನಲ್ಲಿ, ಹೆರಿಗೆಯಲ್ಲಿ ಮಗುವಿನ ಒಂದಿಷ್ಟು ಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ಮಗುವಿನ ಅರ್ಧ ಚೀಟಿಗಳು ಗಂಡನವು. ತಾಯಿ ಮಗುವನ್ನು ಎದೆಗಪ್ಪಿಕೊಳ್ಳುತ್ತಾಳೆ. ಅವಳ ರಕ್ತ ಗಂಡನ ಗುರುತನ್ನು ಬರೆದಿಟ್ಟುಕೊಳ್ಳುತ್ತದೆ. ಮೂರು ಹೆರಿಗೆ ಎಂದರೆ ಮೂರು ಸಲ ಬರೆದಂತಾಯಿತು. ಕಸಿಯ ಮಾತು ಕೇಳಿ ಹಿಗ್ಗಿದ್ದ ಮಗನಿಗೆ ಕಸಿವಿಸಿಯಾಯಿತು.

ಆಗ ಮೂರನೆಯ ಕುರ್ಚಿಯಿಂದ, ಹೊರಗಿನ ಜವಾನನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ, "ನಂದು ತಗೊಳ್ಳಿ" ಎಂಬ ಧ್ವನಿ ಬಂತು.

ಸೊಸೆ ಅತ್ತೆಯನ್ನು ನೋಡಿದಳು. ಮಗ ಅಮ್ಮನನ್ನು ನೋಡಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ದೊಡ್ಡ ಮನಸ್ಸು ನಿಮ್ದು. ಆದ್ರೆ ನಿಮ್ಮ ಮಗನಿಗೆ ಅರ್ಧ ಗುರುತು ಬಂದಿರೋದು ನಿಮ್ಮಿಂದಲೇ. ಹೊಂದೋ ಸಾಧ್ಯತೆ ಕಮ್ಮಿ" ಎಂದರು.

"ಕಮ್ಮಿ ಇದ್ರೆ ಇರಲಿ. ನೋಡೋಕೇನು ಕಷ್ಟ? ನಿಮಗೆ ಸೋಮಾರಿತನ ಅಂತ ನಾನೇನೂ ಹೇಳ್ತಿಲ್ಲ."

ನೋಡಿದರು. ಒಂದು ಸಲ ನೋಡಿ ನಂಬಿಕೆ ಬಾರದೆ ಮತ್ತೊಂದು ಸಲ ನೋಡಿದರು. ಸೊಸೆಯ ರಕ್ತದ ತಿಳಿಯಲ್ಲಿ ಅತ್ತೆಯ ಕಣಗಳು ಎರಡು ಸಲವೂ ಕೊಳದಲ್ಲಿ ಈಜಲು ಬಿಟ್ಟ ಮಕ್ಕಳಂತೆ ಸುಖವಾಗಿದ್ದವು. ಹದಿನೇಳು ವರ್ಷದ ಸಾರಿನ ಉಪ್ಪಿನ ಇತಿಹಾಸದಲ್ಲಿ ಒಂದು ಹರಳೂ ಸೊಸೆಯ ರಕ್ತಕ್ಕೆ ಇಳಿದಿರಲಿಲ್ಲ.

ಡಾಕ್ಟರಮ್ಮ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಮಗನಲ್ಲಿ ಎರಡು ಕಂತೆ ಚೀಟಿ: ಒಂದು ಅವನ ಅಪ್ಪನದು, ಒಂದು ಅಮ್ಮನದು. ಪ್ರತಿ ಮಗುವಿಗೂ ಆ ಎರಡರಲ್ಲಿ ಒಂದೇ ಹೋಗುತ್ತದೆ, ಯಾವುದೆಂಬುದು ಕಣ್ಣು ಮುಚ್ಚಿ ಎತ್ತಿದಂತೆ. ಮೂವರು ಹುಡುಗಿಯರಿಗೂ ಬಂದದ್ದು ತಾತನ ಕಂತೆ. ಆದ್ದರಿಂದ ಸೊಸೆಯ ರಕ್ತ ಕಲಿತಿರುವ ಹಗೆಯೆಲ್ಲ ತಾತನ ಗುರುತಿನ ಮೇಲೆ. ಅಜ್ಜಿಯ ಗುರುತು ಅದರ ಕಣ್ಣಿಗೇ ಬಿದ್ದಿಲ್ಲ. ಮಗನಿಗೆ ಇದು ಮೂರು ಸಲ ಹೇಳಿದರೂ ತಲೆಗೆ ಹತ್ತಲಿಲ್ಲ. ರಫು ಅಮ್ಮ ಕೋಟಿನ ಜೇಬಿನಿಂದ ಒಂದು ಕಂದು, ಒಂದು ನೀಲಿ ಎಳೆ ತೆಗೆದು, ಬೆರಳುಗಳ ನಡುವೆ ಹೊಸೆದು, ಮತ್ತೆ ಬಿಡಿಸಿ, ಕಂದು ಎಳೆಯನ್ನು ಮೂರು ಸಲ ಮೇಜಿನ ಮೇಲೆ ಮುಟ್ಟಿಸಿದರು.

"ಅಂದ್ರೆ ಇವಳ ಜಗಳ ಇದ್ದದ್ದು ನನ್ನ ಗಂಡನ ಜೊತೆ" ಎಂದರು.

"ಈ ಒಂದು ವಿಷಯದಲ್ಲಿ, ಹೌದು."

"ಅಯ್ಯೋ ಪಾಪ, ಮಾವನವರ ಜೊತೇನಾ!" ಎಂದು ಸೊಸೆ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಅತ್ತೆ ನೀಲಿ ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. "ಮೂರು ಮೊಮ್ಮಕ್ಕಳಲ್ಲಿ ಒಂದಕ್ಕೂ ನನ್ನ ನೂಲು ಬರಲಿಲ್ಲವಾ?" ಎಂದು ಕೇಳಿದಾಗ ಆ ದನಿಯಲ್ಲಿ ಗಂಟು ಇರಲಿಲ್ಲ. ಬೇರೆ ಎಷ್ಟೋ ವಿಷಯಗಳಲ್ಲಿ ಬಂದಿರುತ್ತದೆ, ಮೂಗಿನಲ್ಲೋ ಮುಂಗೋಪದಲ್ಲೋ ಎಂದು ಡಾಕ್ಟರಮ್ಮ ಸಮಾಧಾನ ಹೇಳಬೇಕಾಯಿತು. "ಹೋಗ್ಲಿ ಬಿಡಿ" ಎಂದರು ಅವರು, ಎಳೆಯನ್ನು ಜೇಬಿಗೆ ಹಾಕಿಕೊಳ್ಳುತ್ತ. "ಬಂದಿದ್ರೆ ಈಗ ಇವಳ ಕೆಲಸಕ್ಕೆ ಬರ್ತಿರಲಿಲ್ಲ."

ಕೊಡುವವರನ್ನು ಮನೆಯವರಿಂದ ಬೇರೆಯಾಗಿ ಒಂದು ಕೋಣೆಯಲ್ಲಿ ಕೂರಿಸಿ, ಯಾರದಾದರೂ ಒತ್ತಾಯವಿದೆಯೇ ಎಂದು ಕೇಳುವ ನಿಯಮ ಆ ಆಸ್ಪತ್ರೆಯಲ್ಲಿತ್ತು. ಅಲ್ಲಿ ಬೇಡವೆಂದವರ ಮಾನ ಉಳಿಸಲು ಮನೆಯವರಿಗೆ 'ಕೊಡಲು ಇವರು ಯೋಗ್ಯರಲ್ಲ' ಎಂದಷ್ಟೇ ತಿಳಿಸುವರು. ಕಾರಣ ಕೋಣೆ ದಾಟದು. ಇದು ಸೊಸೆಗೂ ಗೊತ್ತಿತ್ತು. ಬಾಗಿಲ ಹೊರಗಿನ ಬೆಂಚಿನಲ್ಲಿ ಅವಳು ಕಣ್ಣು ಮುಚ್ಚಿ ಕುಳಿತಿದ್ದಳು. ಬಾಗಿಲಿನ ಆಚೆ ಒಂದೇ ಒಂದು 'ಬೇಡ' ಬಿದ್ದರೆ, ಮಿಕ್ಕ ಆಯುಷ್ಯ ಯಂತ್ರದ ಪಕ್ಕ. ಇಪ್ಪತ್ತು ನಿಮಿಷದ ಭೇಟಿ ಐವತ್ತು ನಿಮಿಷಕ್ಕೆ ಬೆಳೆಯಿತು. ಕೊನೆಗೆ ಬಾಗಿಲು ತೆರೆದಾಗ ಆಪ್ತಸಲಹೆಗಾರ್ತಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಅತ್ತದ್ದಕ್ಕೋ ನಕ್ಕದ್ದಕ್ಕೋ ತಿಳಿಯಲಿಲ್ಲ. ಹಿಂದೆ ಬಂದ ರಫು ಅಮ್ಮನ ಮುಖದಲ್ಲಿ ಮಾತ್ರ ಮಾತು ಅರ್ಧಕ್ಕೆ ನಿಂತವರ ಅಸಮಾಧಾನವಿತ್ತು. ಕಾಗದದ ಮೇಲೆ 'ಒಪ್ಪಿಗೆ' ಎಂದಿತ್ತು. ಸೂಜಿಗಳ ಪ್ರಸಂಗ ನಡೆದದ್ದು ಅದರ ಮರುವಾರ.

ಶಸ್ತ್ರಕ್ರಿಯೆಯ ದಿನ ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಇಬ್ಬರನ್ನೂ ಮಲಗಿಸಿದರು. ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ಕೀಳುವುದಿಲ್ಲ, ಅವು ಇದ್ದಲ್ಲೇ ಇರುತ್ತವೆ. ಹೊಸದಕ್ಕೆ ಹೊಟ್ಟೆಯ ಕೆಳಗೆ ಬಲಮೂಲೆಯಲ್ಲಿ ಜಾಗ. "ನನ್ನ ಮನೇಲಿ ನಿನಗೆ ಕೊಟ್ಟ ಕೋಣೇನೂ ಬಲಮೂಲೇದೇ. ಗಾಳಿ ಬರಲ್ಲ ಅಂತ ಎಷ್ಟು ಗೊಣಗಿದ್ದೆ, ನೆನಪಿದೆಯಾ?" ಎಂದು ಅತ್ತೆ ಸ್ಟ್ರೆಚರಿನಿಂದ ಸ್ಟ್ರೆಚರಿಗೆ ಕೇಳಿದರಂತೆ. ರಕ್ತನಾಳಗಳ ಜೋಡಣೆ ಮುಗಿದು ರಕ್ತ ಹರಿಯುತ್ತಲೇ ಬೂದುಬಣ್ಣದ ಆ ಪಿಂಡ ಕೆಂಪೇರಿತು. ಮೇಜಿನ ಮೇಲೆಯೇ, ಎಲ್ಲರ ಕಣ್ಣೆದುರು, ಕೆಲಸ ಶುರು ಮಾಡಿತು. ಅರಿವಳಿಕೆಯಿಂದ ಎಚ್ಚರವಾದ ರಫು ಅಮ್ಮನ ಮೊದಲ ಪ್ರಶ್ನೆ, "ಅವಳಿಗೆ ಉಚ್ಚೆ ಬಂತಾ?" ಎಂಬುದಾಗಿತ್ತು. ಬಂತು ಎಂದು ನರ್ಸ್ ಹೇಳಿದಳು. "ಎಷ್ಟು?" ಲೀಟರುಗಟ್ಟಲೆ. ಆ ಸುದ್ದಿಯನ್ನು ಮಗ ಫೋನಿನಲ್ಲಿ ಹುಡುಗಿಯರಿಗೆ ಹೇಳಿದ, ಹುಡುಗಿಯರು ಸಂಗೀತ ಪಾಠಶಾಲೆಯ ಮೇಷ್ಟರಿಗೆ ಹೇಳಿದರು, ಮೇಷ್ಟರು ಬೀದಿಗೆಲ್ಲ ಹೇಳಿದರು. ಒಬ್ಬ ಹೆಣ್ಣುಮಗಳ ಮೂತ್ರಕ್ಕಾಗಿ ಒಂದು ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿದ್ದನ್ನು ಆ ಕೀಲಿಕೈಯವನು ಈಗಲೂ ಹೇಳುತ್ತಾನೆ.

ಮನೆಗೆ ಬಂದ ಮೇಲೆ ಮಾತ್ರೆಗಳ ಆಳ್ವಿಕೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ, ಜೀವಮಾನವಿಡೀ. ಮೈಯ ಕಾವಲುಪಡೆಯನ್ನು ತೂಕಡಿಸುವಂತೆ ಮಾಡಿ, ಬಲಮೂಲೆಯಲ್ಲಿ ಕೂತ ಹೊಸಬರ ಚೀಟಿ ಕೇಳದಂತೆ ನೋಡಿಕೊಳ್ಳುವ ಮಾತ್ರೆಗಳು. ಇದನ್ನು ಡಾಕ್ಟರಮ್ಮ ಹೇಳಿದಾಗ ರಫು ಅಮ್ಮ ತಲೆಯಾಡಿಸಿದರು. ಗಂಜಿ ಹಾಕಿ ಸೆಟೆದ ಬಟ್ಟೆ ಬಂದರೆ ಅವರು ಮೊದಲು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ ಗಂಜಿ ಬಿಡಿಸುತ್ತಿದ್ದರು. ಸೆಟೆದ ಬಟ್ಟೆ ಯಾವ ಎಳೆಯನ್ನೂ ಒಳಗೆ ಬಿಟ್ಟುಕೊಳ್ಳದು. "ಗೊತ್ತಾಯ್ತು. ಇವಳ ಗಂಜಿ ತೆಗೀಬೇಕು" ಎಂದರು. "ಅದು ನನ್ನ ಕೈಲಾಗಲಿಲ್ಲ, ನಿಮ್ಮ ಮಾತ್ರೆ ಕೈಲಾದ್ರೂ ಆಗ್ಲಿ."

ಎಲ್ಲ ಸುಸೂತ್ರವಾಗಿರುವಾಗ, ಯಾವ ಉಪಯೋಗಕ್ಕೂ ಬಾರದೆ ಹೋದೆನೆಂದು ಒಳಗೊಳಗೇ ಕೊರಗುತ್ತಿದ್ದವನು ಮಗ. ಪ್ರಪಂಚದ ಕಣ್ಣಿಗೆಲ್ಲ ಸಣ್ಣ ಅಕ್ಷರ ಓದಿಸುವ ಆ ಪುಣ್ಯಾತ್ಮ, ಪೇಟೆಯಿಂದ ಒಂದು ಬಾಟಲಿ ಟಾನಿಕ್ ತಂದು, ಹೆಂಡತಿ ಚೇತರಿಸಿಕೊಳ್ಳಲೆಂದು ದಿನಾ ಮೂರು ಚಮಚ, ಪ್ರೀತಿ ಬೆರೆಸಿ, ಅಮ್ಮನಿಗೆ ತಿಳಿಯದಂತೆ ಕುಡಿಸತೊಡಗಿದ. ಹೆಂಡತಿ, ಗಂಡ ಇಷ್ಟು ಮುತುವರ್ಜಿ ವಹಿಸುವುದು ಅಪರೂಪವೆಂದು, ಏನೆಂದೂ ಕೇಳದೆ ಕುಡಿದಳು. ಆರನೆಯ ವಾರ ಜ್ವರದಂತೆ ಬೆಚ್ಚಗಾಯಿತು, ಹೊಟ್ಟೆಯ ಬಲಮೂಲೆ ಗಟ್ಟಿಯಾಗಿ ನೋಯತೊಡಗಿತು, ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ಕಸ ಎರಡರಷ್ಟಾಯಿತು. ಮೂತ್ರಪಿಂಡದ ಒಂದು ಚೂರು ತೆಗೆದು ನೋಡಿದರೆ ಬಿಳಿ ಕಣಗಳು ಅದರೊಳಗೆ ಸಾಲುಗಟ್ಟಿ ನುಗ್ಗಿದ್ದವು. ಸೊಸೆಯ ಮೈ ಎಚ್ಚರಗೊಂಡು, ಅತ್ತೆಯನ್ನು ಹೊರಗಟ್ಟಲು ಹೊರಟಿತ್ತು.

ಬಾಟಲಿ ಸಿಕ್ಕಿದ್ದು ರಫು ಅಮ್ಮನಿಗೆ, ಆಸ್ಪತ್ರೆಗೆ ಬಟ್ಟೆ ಒಯ್ಯಲು ಬೀರು ತೆಗೆದಾಗ. ಭೂತಗನ್ನಡಿ ಹಿಡಿದು ಓದಿದರು: 'ರೋಗನಿರೋಧಕ ಶಕ್ತಿಯನ್ನು ನೂರು ಪಟ್ಟು ಹೆಚ್ಚಿಸುತ್ತದೆ.' ಬಾಟಲಿಯನ್ನು ಆಸ್ಪತ್ರೆಗೇ ತಂದು ಮಗನ ಮುಂದೆ ಹಿಡಿದರು.

"ಇದೇನೋ?"

"ಶಕ್ತಿಗೆ ಅಂತ..."

"ನಾನು, ಡಾಕ್ಟ್ರು, ಊರೆಲ್ಲ ಸೇರಿ ಗಂಜಿ ಬಿಡಿಸ್ತಿದ್ರೆ, ನೀನು ಹಿಂದುಗಡೆ ಬಾಗಿಲಿಂದ ಗಂಜಿ ಹಾಕ್ತಿದ್ದೀಯಲ್ಲೋ! ಅಕ್ಷರ ಓದಿಸೋನು ನೀನು. ಅದೇನು ಬರೆದಿದೆ, ಓದು."

ಮಗ ಓದಿದ. ಓದಿ ಕನ್ನಡಕ ತೆಗೆದ; ಆ ದಿನ ಅದನ್ನು ಒರೆಸಲಿಲ್ಲ, ಕಣ್ಣನ್ನೇ ಒರೆಸಿಕೊಂಡ. ಡಾಕ್ಟರಮ್ಮ ಬಾಟಲಿಯನ್ನು ತಿರುಗಿಸಿ ನೋಡಿ, ಇದರಿಂದಲೇ ಆಯಿತೆಂದು ಹೇಳಲಾಗದು, ಇದಿಲ್ಲದೆಯೂ ಎಷ್ಟೋ ಜನರಿಗೆ ಮೊದಲ ತಿಂಗಳುಗಳಲ್ಲಿ ಹೀಗಾಗುತ್ತದೆ, ಆದರೆ ಇನ್ನು ಮುಂದೆ ನನ್ನನ್ನು ಕೇಳದೆ ತುಳಸಿ ಎಲೆಯನ್ನೂ ಕೊಡಬೇಡಿ ಎಂದರು. ಮೂರು ದಿನ ರಕ್ತನಾಳದ ಮೂಲಕ ಸ್ಟೀರಾಯ್ಡ್. ಮೈ ಶಾಂತವಾದರೆ ಉಳಿಯಿತು. ಇಲ್ಲದಿದ್ದರೆ ಮುಂದಿನ ದಾರಿ ಕಷ್ಟ.

ಆ ಮೂರು ದಿನಗಳಲ್ಲಿ ಸೊಸೆಯನ್ನು ಹೆದರಿಸಿದ್ದು ಜ್ವರವಲ್ಲ, ಅತ್ತೆಯ ನಯ. "ನೀರು ಬೇಕಾ ಮರಿ?" ಎಂದರು ಅತ್ತೆ. ದಿಂಬು ಸರಿಪಡಿಸಿದರು. ಅವಳ ಕೆದರಿದ ಕೂದಲನ್ನು ನೋಡಿಯೂ ಏನೂ ಅನ್ನಲಿಲ್ಲ. ಮರಿ ಎಂಬ ಪದ ಆ ಬಾಯಲ್ಲಿತ್ತೆಂಬುದೇ ಸೊಸೆಗೆ ಗೊತ್ತಿರಲಿಲ್ಲ. ತಾನು ಇನ್ನು ಬದುಕುವುದಿಲ್ಲವೆಂದು ಅವಳಿಗೆ ಆಗ ಖಚಿತವಾಯಿತು. ಎರಡನೆಯ ದಿನ ಮಧ್ಯಾಹ್ನ ಅವಳು ನಿದ್ರಿಸುತ್ತಿದ್ದಾಳೆಂದು ತಿಳಿದು ಅತ್ತೆ ಹಾಸಿಗೆಯ ಪಕ್ಕ ಬಗ್ಗಿ, ಹೊಟ್ಟೆಯ ಬಲಮೂಲೆಗೆ ಪಿಸುಗುಟ್ಟಿದರು:

"ಕೇಳಿಸ್ಕೋ. ಹೊಸ ಮನೆ, ಮೊದಮೊದಲು ಎಲ್ಲರೂ ಗುರಾಯಿಸ್ಕೊಂಡೇ ನೋಡ್ತಾರೆ. ನಿನ್ನ ಕೆಲಸ ನೀನು ಮಾಡ್ಕೊಂಡು ತಲೆ ತಗ್ಗಿಸ್ಕೊಂಡಿರು. ಎದುರು ಮಾತಾಡಬೇಡ."

"ಅತ್ತೆ," ಸೊಸೆ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಮದುವೆಯಾದ ವಾರ ನನಗೂ ಇದನ್ನೇ ಹೇಳಿದ್ರಿ."

"ನೀನು ಕೇಳಿದೆಯಾ? ಅದಾದ್ರೂ ಕೇಳ್ಲಿ."

ನಾಲ್ಕನೆಯ ದಿನ ಬೆಳಿಗ್ಗೆ ರಕ್ತದ ವರದಿ ಬಂತು. ಕ್ರಿಯಾಟಿನಿನ್ ಇಳಿದಿತ್ತು, ಐದನೆಯ ದಿನ ಇನ್ನೂ ಇಳಿಯಿತು. ಅಂಕಿಯನ್ನು ಡಾಕ್ಟರಮ್ಮನ ಬಾಯಿಂದ ಕೇಳಿ, ಮತ್ತೊಮ್ಮೆ ಕಾಗದದಲ್ಲಿ ಓದಿ ಖಾತ್ರಿಪಡಿಸಿಕೊಂಡ ಅತ್ತೆ, ಹಾಸಿಗೆಯ ಕಡೆ ತಿರುಗಿ, ನೀಳವಾಗಿ ಉಸಿರೆಳೆದುಕೊಂಡು, "ಏನೇ ಇದು ಹೊದಿಕೆ ಮಡಿಸಿರೋ ಚೆಂದ? ಕತ್ತೆ ಮಲಗೆದ್ದ ಹಾಗಿದೆ ಅಂತ ನಾನೇನೂ ಹೇಳ್ತಿಲ್ಲ" ಎಂದರು. ಸೊಸೆ ಆನಂದದಿಂದ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು, ಕ್ಷೀಣವಾದರೂ ಗಂಭೀರವಾದ ನಿಲ್ದಾಣದ ಕಂಠದಲ್ಲಿ, "ದಯವಿಟ್ಟು ಗಮನಿಸಿ. ಅನಿವಾರ್ಯ ಕಾರಣಗಳಿಂದ ನಾಲ್ಕು ದಿನ ರದ್ದಾಗಿದ್ದ ಗಾಡಿ ಪುನಃ ಸಂಚಾರ ಆರಂಭಿಸಿದೆ" ಎಂದು ಸಾರಿದಳು. ವಾರ್ಡಿನಲ್ಲಿದ್ದ ಎಂಟು ಹಾಸಿಗೆಗಳೂ ನಕ್ಕವು.

ಮೈ ಒಪ್ಪಿಕೊಂಡಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವೈದ್ಯರು ಹಾಗೆ ಹೇಳುವುದಿಲ್ಲ. ಮೈ ಮರೆಯುವುದೂ ಇಲ್ಲ, ಮರುಳಾಗುವುದೂ ಇಲ್ಲ. ಪರರ ಅಂಗ ಎಷ್ಟು ವರ್ಷ ಒಳಗಿದ್ದು ಎಷ್ಟು ನಿಷ್ಠೆಯಿಂದ ದುಡಿದರೂ, ದಿನಕ್ಕೆರಡು ಸಲ ಎಂಟು ಗಂಟೆಗೆ ಆ ಸಂಧಿಪತ್ರಕ್ಕೆ ಹೊಸದಾಗಿ ರುಜು ಬೀಳಲೇಬೇಕು. ಮನೆಗಳ ಸಂಗತಿಯೂ ಇದಕ್ಕಿಂತ ಬಹಳ ಭಿನ್ನವೆಂದು ತೋರುವುದಿಲ್ಲ. ಪ್ರೀತಿಯನ್ನು ಪ್ರೀತಿಯ ಮಾತಿನಲ್ಲೇ ಹೇಳುವವರು ಜಗತ್ತಿನಲ್ಲಿ ಬಹುಮಂದಿ, ಅವರಿಂದ ಲೋಕ ಸುಂದರವಾಗಿದೆ. ಆದರೆ ರಫು ಅಮ್ಮನಂಥವರ ಕುಲವೊಂದಿದೆ. ಅವರ ಅಕ್ಕರೆ ಬರುವುದು ಆಕ್ಷೇಪಣೆಯ ವೇಷದಲ್ಲಿ. ಅವರು ಬೈಯುವಷ್ಟು ಕಾಲ ನಾವು ಕ್ಷೇಮವೆಂದು ತಿಳಿಯಬೇಕು. ಬಟ್ಟೆಯ ಹೊರಮೈ ನೋಡಿ ಅವರ ಕೆಲಸ ಪತ್ತೆಯಾಗದು. ಒಳಮಗ್ಗುಲನ್ನು ಬೆಳಕಿಗೆ ಹಿಡಿದಾಗ ಮಾತ್ರ, ಎಷ್ಟು ಎಳೆಗಳನ್ನು ತಮ್ಮ ಅಂಚಿನಿಂದಲೇ ಬಿಡಿಸಿ ನಮ್ಮ ತೂತುಗಳಿಗೆ ತುಂಬಿದ್ದಾರೆಂಬುದು ಕಣ್ಣಿಗೆ ಬೀಳುತ್ತದೆ. ತ್ಯಾಗವೆಂಬ ದೊಡ್ಡ ಪದ ಅಂಥವರಿಗೇ ಸಲ್ಲಬೇಕಾದದ್ದು.

ಇಂಥದೇ ಉದಾತ್ತ ಭಾವನೆಗಳು ಮನಸ್ಸಿನಲ್ಲಿ ತುಂಬಿ ಬಂದ ಒಂದು ಸಂಜೆ, ಕಸಿಯಾಗಿ ವರ್ಷ ಕಳೆದ ಮೇಲೆ, ನಿಲ್ದಾಣದ ಪಾಳಿ ಮುಗಿಸಿಕೊಂಡು ಸೊಸೆ ನೇರವಾಗಿ ಅಂಗಡಿಗೆ ಬಂದಳು. ಅತ್ತೆ ದೀಪದಡಿ ಯಾರದೋ ಮಫ್ಲರಿನ ಮೇಲೆ ಬಗ್ಗಿದ್ದರು. ಅವಳು ಸ್ಟೂಲನ್ನು ಎರಡು ಸಲ ಕೈಯಿಂದ ತಡವಿ ನೋಡಿ ಕುಳಿತಳು.

"ಅತ್ತೆ, ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಅವತ್ತು ಡಾಕ್ಟರಮ್ಮನ ಮುಂದೆ ನಂದು ತಗೊಳ್ಳಿ ಅಂದ್ರಲ್ಲ, ಭಯ ಆಗ್ಲಿಲ್ವಾ?"

"ಭಯ ಯಾಕೆ? ಹೊಂದಲ್ಲ ಅಂತ ಗ್ಯಾರಂಟಿ ಇತ್ತಲ್ಲ" ಎಂದರು ಅತ್ತೆ, ತಲೆಯೆತ್ತದೆ. "ಕಟ್ಕೊಂಡ ಗಂಡಂದೇ ಹೊಂದಲಿಲ್ಲ, ನಂದು ಹೊಂದುತ್ತಾ? ಬಾಯಲ್ಲಿ ಹೇಳಿದ್ರೆ ಒಳ್ಳೇ ಹೆಸರಾದ್ರೂ ಬರ್ಲಿ ಅಂತ ಹೇಳ್ದೆ."

ಸೊಸೆ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಸರಿ, ಆದ್ರೆ ಹೊಂದ್ತಲ್ಲ! ಆಮೇಲೆ ಆ ಕೋಣೇಲಿ ಬೇಡ ಅನ್ನಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಯಾಕೆ ಅನ್ನಲಿಲ್ಲ?"

"ಅನ್ನೋಣ ಅಂತಲೇ ಹೋಗಿದ್ದೆ ಕಣೇ. ಆ ಹುಡುಗಿ ಕೂತ ತಕ್ಷಣ 'ನಿಮ್ಮ ಸೊಸೆ ಹೇಗೆ' ಅಂತ ಕೇಳಿಬಿಟ್ಲು. ಇನ್ನೂ ನಿನ್ನ ಅಡುಗೆ ವಿಷಯ ಅರ್ಧ ಆಗಿತ್ತು, ಟೈಮಾಯ್ತು ಅಂತ ಎಬ್ಬಿಸಿ ಕಳಿಸಿದ್ಲು."